ಬೋಲ್ಟ್ ಬಿಗಿಯುವ ಮುನ್ನ: ಹಳೆಯ ಕಾರಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸುವ ಬಗೆ

1955ರಲ್ಲಿ ಅಮೆರಿಕದ ಷೆವರ್ಲೆ ಕಂಪನಿ ತನ್ನ ಕಾರುಗಳಿಗೆ 265 ಘನ ಅಂಗುಲದ, ಅಂದರೆ ಸುಮಾರು 4.3 ಲೀಟರಿನ, ಎಂಟು ಸಿಲಿಂಡರ್‌ಗಳ ಹೊಸ ಎಂಜಿನ್ ತಂದಿತು. ಆ ವರ್ಷದ ಬೆಲ್ ಏರ್ ಕಾರುಗಳನ್ನು ಅಲ್ಲಿನ ಹವ್ಯಾಸಿಗಳು ಇಂದಿಗೂ ಜೋಪಾನ ಮಾಡಿ ಓಡಿಸುತ್ತಾರೆ. ಅವರಲ್ಲಿ ಹಲವರು ಕಾರಿನ ಕ್ಲಚ್ ಮತ್ತು ಮೂರು ಗೇರುಗಳ ಮ್ಯಾನುಯಲ್ ಗೇರ್‌ಬಾಕ್ಸ್ ತೆಗೆದು, 'ಟರ್ಬೊ ಹೈಡ್ರಾಮ್ಯಾಟಿಕ್ 350' ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುತ್ತಾರೆ. ಇದು ಬಂದದ್ದು 1969ರ ಮಾದರಿಯ ಕಾರುಗಳೊಂದಿಗೆ. ನಡುವೆ ಹದಿನಾಲ್ಕು ವರ್ಷಗಳ ಅಂತರವಿದ್ದರೂ ಎಂಜಿನ್ನಿನ ಹಿಂಬದಿಯ ಬೋಲ್ಟ್ ತೂತುಗಳ ಸ್ಥಾನವನ್ನು ಕಂಪನಿ ಬದಲಿಸಿರಲಿಲ್ಲ. ಹಾಗಾಗಿ ಎರಡೂ ಒಂದಕ್ಕೊಂದು ಹೊಂದುತ್ತವೆ. ಆದರೆ ತೂತುಗಳು ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಂಜಿನ್ ಒಮ್ಮೆಯೂ ಚಾಲೂ ಆಗುವ ಮೊದಲೇ ಗೇರ್‌ಬಾಕ್ಸ್ ಕೆಟ್ಟುಹೋಗುವುದು ಈ ಜೋಡಣೆಯ ಹಂತದಲ್ಲೇ.

ಕಾರಣ ತಿಳಿಯಲು ಒಳಗೆ ಏನಿದೆ ಎಂದು ನೋಡಬೇಕು. ಮ್ಯಾನುಯಲ್ ಕಾರಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸುವುದು ಕ್ಲಚ್. ಆಟೊಮ್ಯಾಟಿಕ್‌ನಲ್ಲಿ ಆ ಕೆಲಸ ಟಾರ್ಕ್ ಕನ್ವರ್ಟರ್‌ನದು. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗುತ್ತವೆ. ಕನ್ವರ್ಟರ್‌ನಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ. ಎಂಜಿನ್ ತಿರುಗಿಸುವ ಚಕ್ರ ಇಂಪೆಲ್ಲರ್, ಎಣ್ಣೆಯ ರಭಸಕ್ಕೆ ತಿರುಗುವ ಚಕ್ರ ಟರ್ಬೈನ್. ಇವೆರಡರ ನಡುವೆ ಇರುವ ಸ್ಟೇಟರ್, ಹಿಂದಿರುಗುವ ಎಣ್ಣೆಯ ದಿಕ್ಕನ್ನು ಬದಲಿಸುತ್ತದೆ. ಇದರಿಂದ ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚು ಬಲ ಸುಮಾರು ಎರಡು ಪಟ್ಟು ಆಗುತ್ತದೆ.

ಕನ್ವರ್ಟರ್‌ಗೆ ಇನ್ನೊಂದು ಜವಾಬ್ದಾರಿಯೂ ಇದೆ. ಅದರ ಹಿಂಬದಿಯ ಕೊಳವೆಯಂಥ ಭಾಗ ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುತ್ತದೆ. ಪಂಪಿನ ಒತ್ತಡವೇ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿದು ಗೇರ್ ಬದಲಿಸುತ್ತದೆ. ಪ್ರಥಮ ಪಿಯುಸಿಯಲ್ಲಿ ಓದುವ ಪಾಸ್ಕಲನ ನಿಯಮ ಇಲ್ಲಿ ಕೆಲಸ ಮಾಡುತ್ತಿದೆ. ಎಂಜಿನ್ ತಿರುಗದಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ಒತ್ತಡವಿಲ್ಲ. ಬ್ಯಾಟರಿ ಸತ್ತಾಗ ಇಂಥ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗದಿರುವುದು ಇದೇ ಕಾರಣಕ್ಕೆ.

ಈಗ ಜೋಡಣೆಗೆ ಬರೋಣ. ಮೊದಲು ಕ್ಲಚ್ಚನ್ನೂ ಭಾರವಾದ ಫ್ಲೈವೀಲನ್ನೂ ತೆಗೆದು, ಅದರ ಜಾಗದಲ್ಲಿ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ ಹಾಕುತ್ತಾರೆ. ಅದರ ಅಂಚಿನ ಹಲ್ಲುಗಳನ್ನು ಸ್ಟಾರ್ಟರ್ ಮೋಟರ್ ತಿರುಗಿಸುತ್ತದೆ. ಷೆವರ್ಲೆಯ ಈ ಎಂಜಿನ್‌ಗಳಿಗೆ 153 ಹಲ್ಲುಗಳ ತಟ್ಟೆಯೂ ಇದೆ, 168 ಹಲ್ಲುಗಳದೂ ಇದೆ. ಸ್ಟಾರ್ಟರ್ ಅದಕ್ಕೆ ತಕ್ಕುದಾಗಿರಬೇಕು. ಇಲ್ಲಿ 1955ರ ಎಂಜಿನ್ನಿನದೇ ಒಂದು ತೊಡಕು ಇದೆ. ಅದರ ಸ್ಟಾರ್ಟರ್ ಕೂರುತ್ತಿದ್ದದ್ದು ಎಂಜಿನ್ ಬ್ಲಾಕಿಗಲ್ಲ, ಹಳೆಯ ಗೇರ್‌ಬಾಕ್ಸಿನ ಮುಂದಿನ ಬೆಲ್‌ಹೌಸಿಂಗ್ ಎಂಬ ಕವಚಕ್ಕೆ. ಹೊಸ ಗೇರ್‌ಬಾಕ್ಸಿನ ಕವಚದಲ್ಲಿ ಆ ಜಾಗವಿಲ್ಲ. ಆದ್ದರಿಂದ ಸ್ಟಾರ್ಟರ್ ಹಿಡಿಯಲು ಬೇರೆ ಅಡಾಪ್ಟರ್ ಬೇಕಾಗುತ್ತದೆ.

ಮುಂದಿನದು ಎಲ್ಲಕ್ಕಿಂತ ನಾಜೂಕಿನ ಹಂತ. ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿನೊಳಗೆ ಕೂರಿಸಬೇಕು. ಮೆಲ್ಲಗೆ ತಿರುಗಿಸುತ್ತಾ ಒಳಕ್ಕೆ ಒತ್ತಿದರೆ ಅದು ಮೂರು ಕಡೆ ಸೇರಿಕೊಳ್ಳುತ್ತದೆ: ಟರ್ಬೈನಿನ ಶಾಫ್ಟ್, ಸ್ಟೇಟರಿನ ಆಧಾರ ಮತ್ತು ಪಂಪಿನ ಗೇರ್. ಮೊದಲ ಎರಡು ಸೇರಿದ ಕೂಡಲೇ ಎಲ್ಲವೂ ಕೂತಂತೆ ಕಾಣುತ್ತದೆ. ಪಂಪಿನ ಗೇರಿನ ಎರಡು ಹಲ್ಲುಗಳು ಕೊಳವೆಯ ಸೀಳುಗಳಿಗೆ ಇಳಿದಾಗ ಮಾತ್ರ ಕನ್ವರ್ಟರ್ ಕೊನೆಯ ಬಾರಿ 'ಟಕ್' ಎಂದು ಇನ್ನಷ್ಟು ಒಳಗೆ ಹೋಗುತ್ತದೆ.

ಆ ಕೊನೆಯ ಟಕ್ ಆಗದೆಯೇ ಗೇರ್‌ಬಾಕ್ಸನ್ನು ಎಂಜಿನ್ನಿಗೆ ತಂದರೆ ನಡುವೆ ಸಂದು ಉಳಿಯುತ್ತದೆ. 'ಬೋಲ್ಟ್ ಬಿಗಿದರೆ ತಾನೇ ಹತ್ತಿರ ಬರುತ್ತದೆ' ಎಂದು ಸ್ಪ್ಯಾನರ್ ಹಿಡಿಯುವುದೇ ಅನಾಹುತದ ಆರಂಭ. ಬೋಲ್ಟಿನ ಬಲವೆಲ್ಲ ಪಂಪಿನ ಗೇರಿನ ಮೇಲೆ ಬಿದ್ದು ಅದು ಒಡೆಯುತ್ತದೆ. ಅದೇ ಒತ್ತಡ ಮುಂದಕ್ಕೆ ಹೋಗಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗನ್ನೂ ಹಾಳು ಮಾಡಬಹುದು. ಒಂದು ತಪ್ಪಿಗೆ ಎರಡು ಯಂತ್ರಗಳು ಬಲಿ.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆ ಇದೆ. ಎಂಜಿನ್ ಬ್ಲಾಕಿನ ಎರಡು ಡೋವೆಲ್ ಪಿನ್ನುಗಳು ಗೇರ್‌ಬಾಕ್ಸನ್ನು ನೇರವಾಗಿ ಹಿಡಿಯುತ್ತವೆ. ಕವಚ ಬ್ಲಾಕಿಗೆ ಕೈಬಲದಲ್ಲೇ ಪೂರ್ತಿ ತಾಗಬೇಕು. ಆಗ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು ಮತ್ತು ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಇಷ್ಟಾದ ಮೇಲೆ ಕವಚದ ಬೋಲ್ಟುಗಳನ್ನು ಬಿಗಿದು, ಕನ್ವರ್ಟರನ್ನು ಮುಂದಕ್ಕೆ ಎಳೆದು ಅದರ ಮೂರು ಬೋಲ್ಟುಗಳನ್ನು ಹಾಕುತ್ತಾರೆ. ಸಂದು ಇಲ್ಲದಿದ್ದರೆ, ಕನ್ವರ್ಟರ್ ತಿರುಗದಿದ್ದರೆ, ಬಿಚ್ಚಿ ಮತ್ತೆ ಕೂರಿಸುವುದೊಂದೇ ದಾರಿ.

ಉಳಿದ ಕೆಲಸಗಳೂ ಸಣ್ಣವಲ್ಲ. ಹಳೆಯ ಕಾರಿನಲ್ಲಿ ಬೆಲ್‌ಹೌಸಿಂಗಿನ ಎರಡು ಪಕ್ಕಗಳಲ್ಲಿ ಆಧಾರವಿತ್ತು. ಹೊಸದಕ್ಕೆ ಬಾಲದ ಕಡೆ ಆಧಾರ ಬೇಕು, ಆದ್ದರಿಂದ ಚಾಸಿಗೆ ಅಡ್ಡಪಟ್ಟಿ ಸೇರಿಸಬೇಕು. ಗೇರ್‌ಬಾಕ್ಸಿನ ಉದ್ದ ಬದಲಾಗುವುದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತಕ್ಕಂತೆ ಮಾಡಿಸಬೇಕು. ಕನ್ವರ್ಟರ್‌ನ ಎಣ್ಣೆ ಬಿಸಿಯಾಗುತ್ತದೆ, ಅದಕ್ಕೆ ಕೂಲರ್ ಬೇಕು. ಗೇರಿನಲ್ಲಿರುವಾಗ ಎಂಜಿನ್ ಸ್ಟಾರ್ಟ್ ಆಗಿ ಕಾರು ತಟ್ಟನೆ ನುಗ್ಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ ಕೂಡ ಇರಲೇಬೇಕು.

ಕಾರು ಅಮೆರಿಕದ್ದೇ ಇರಲಿ, ನಮ್ಮೂರ ಗ್ಯಾರೇಜಿಗೆ ಬಂದ ಹೊಸ ಆಟೊಮ್ಯಾಟಿಕ್ ಕಾರೇ ಇರಲಿ, ಟಾರ್ಕ್ ಕನ್ವರ್ಟರ್ ಇದ್ದಲ್ಲೆಲ್ಲ ನಿಯಮ ಒಂದೇ. ಬೋಲ್ಟ್ ಇರುವುದು ಸರಿಯಾಗಿ ಕೂತದ್ದನ್ನು ಹಿಡಿದಿಡಲು, ಕೂರದ್ದನ್ನು ಎಳೆದು ಕೂರಿಸಲು ಅಲ್ಲ. ನಮ್ಮ ಕಾಲೇಜಿನಿಂದ ಮುಂದೆ ಡಿಪ್ಲೊಮಾ, ಎಂಜಿನಿಯರಿಂಗ್ ಅಥವಾ ಗ್ಯಾರೇಜಿನ ಕೆಲಸಕ್ಕೆ ಹೋಗುವವರು ಇದೊಂದನ್ನು ನೆನಪಿನಲ್ಲಿ ಇಟ್ಟುಕೊಳ್ಳಲಿ: ಕೈಬಲಕ್ಕೆ ಸೇರದ್ದನ್ನು ಸ್ಪ್ಯಾನರಿನ ಬಲದಿಂದ ಸೇರಿಸಲು ಹೋಗಬಾರದು. ಅಲ್ಲಿ ನಿಂತು, ಯಾಕೆ ಸೇರುತ್ತಿಲ್ಲ ಎಂದು ನೋಡಬೇಕು.