ಹಿಟಾಚಿಯ ತೋಳು, ಬಕೆಟಿನ ಕೊಂಡಿ

ಮಂಗಳೂರಿನ ಕದ್ರಿ, ಬಿಜೈ, ಶಕ್ತಿನಗರಗಳಂತಹ ಏರುತಗ್ಗಿನ ಪ್ರದೇಶಗಳಲ್ಲಿ ಮನೆಗೋ ರಸ್ತೆಗೋ ಒಳಚರಂಡಿಗೋ ನೆಲವನ್ನು ಅಗೆಯಹೊರಟವನಿಗೆ ಮೊದಲು ಎದುರಾಗುವುದು ಬಿಸಿಲುಗಾಳಿಗೆ ಒಡ್ಡಿಕೊಂಡು ಗಟ್ಟಿಗೊಂಡ ಮುರಕಲ್ಲಿನ ಪದರ. ಅದನ್ನು ಭೇದಿಸಿ ಕೆಳಗಿಳಿದರೆ ಸಿಕ್ಕುವುದು, ಒಣಗಿದ್ದಾಗ ದೃಢವಾಗಿ ತೋರಿ ನೀರು ತಾಗಿದೊಡನೆ ಸತ್ತ್ವವನ್ನೆಲ್ಲ ಕಳೆದುಕೊಳ್ಳುವ, ಸುರತ್ಕಲ್ಲಿನ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ಬಹುಕಾಲದಿಂದ ಅಭ್ಯಸಿಸುತ್ತ ಬಂದಿರುವ ಶೇಡಿಮಣ್ಣು. ಒಂದೇ ಗುಂಡಿಯಲ್ಲಿ ಎರಡು ಸ್ವಭಾವದ ನೆಲವಿರುವುದರಿಂದ, ಯಾವ ಕಂಪನಿಯದಾದರೂ ನಮ್ಮಲ್ಲಿ ಹಿಟಾಚಿಯೆಂದೇ ಕರೆಸಿಕೊಳ್ಳುವ ಅಗೆತದ ಯಂತ್ರವು ಕಲ್ಲಿಗೆ ಬ್ರೇಕರನ್ನೂ, ಮಣ್ಣಿಗೆ ಅಗಲವಾದ ಬಕೆಟನ್ನೂ, ಪೈಪಿನ ಕಾಲುವೆಗೆ ಕಿರಿದಾದ ಬಕೆಟನ್ನೂ ಬದಲಿಸುತ್ತ ಇರಬೇಕಾಗುತ್ತದೆ. ಮೇ ತಿಂಗಳ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದರೆ ಮಳೆಗಾಲ ಬಾಗಿಲಲ್ಲಿ. ಕಡಿದ ಗುಡ್ಡ ಜರಿಯುವುದರೊಳಗೆ ಕೆಲಸ ತೀರಬೇಕೆಂಬ ಆತುರವೂ ಇದಕ್ಕೆ ಸೇರುತ್ತದೆ.

ಈ ಬದಲಾವಣೆಯ ಸಾಂಪ್ರದಾಯಿಕ ಕ್ರಮ ಕಠಿನವಾದುದು. ಬಕೆಟು ಯಂತ್ರದ ತೋಳಿಗೆ ಎರಡು ದಪ್ಪ ಉಕ್ಕಿನ ಪಿನ್ನುಗಳಿಂದ ಬಂಧಿತವಾಗಿರುತ್ತದೆ. ಅವನ್ನು ಸಮ್ಮಟಿಗೆಯಿಂದ ಹೊಡೆದು ಹೊರದೂಡಿ, ಇನ್ನೊಂದು ಬಕೆಟನ್ನು ತಂದಿಟ್ಟು, ಆಪರೇಟರನು ತೋಳನ್ನು ಬೆರಳಗಲ ಬೆರಳಗಲವಾಗಿ ಸರಿಸುತ್ತಿರುವಾಗ, ಹೆಲ್ಪರನು ಒಂದು ಕಣ್ಣು ಮುಚ್ಚಿ ರಂಧ್ರದೊಳಗೆ ಇಣುಕಿ, ಎರಡೂ ನೇರವಾದುವೇ ಎಂದು ಬೆರಳು ತೂರಿಸಿ ನೋಡುತ್ತಾನೆ. ಆ ಕ್ಷಣದಲ್ಲಿ ತೋಳು ಅರ್ಧ ಅಂಗುಲ ಜಾರಿದರೂ ಬೆರಳು ಉಳಿಯದು. ಸಮ್ಮಟಿಗೆಯ ಏಟಿಗೆ ಸಿಡಿದ ಉಕ್ಕಿನ ಚೂರು ಕಣ್ಣನ್ನು ಹೊಕ್ಕುವುದೂ ಉಂಟು.

ಈ ಕಷ್ಟದ ಪರಿಹಾರಕ್ಕೆಂದು ಬಂದುದು ಕ್ವಿಕ್ ಕಪ್ಲರ್. ತೋಳಿನ ತುದಿಗೆ ಶಾಶ್ವತವಾಗಿ ಜೋಡಿಸಿದ ಈ ಸಾಧನದ ಮುಂಬದಿಯ ತೆರೆದ ದವಡೆಯು ಬಕೆಟಿನ ಮೊದಲ ಪಿನ್ನನ್ನು ಕಚ್ಚುತ್ತದೆ. ಬಳಿಕ ಬಕೆಟನ್ನು ಒಳಕ್ಕೆ ಮಡಿಸಿದಾಗ, ಹೈಡ್ರಾಲಿಕ್ ಸಿಲಿಂಡರಿನಿಂದ ಚಲಿಸುವ ಕೊಕ್ಕೆಯೊಂದು ಎರಡನೆಯ ಪಿನ್ನನ್ನು ಬಿಗಿಹಿಡಿಯುತ್ತದೆ. ಆಪರೇಟರನು ಆಸನದಿಂದ ಕದಲದೆಯೇ ಕೆಲವು ಕ್ಷಣಗಳಲ್ಲಿ ಕಾರ್ಯ ಮುಗಿಯುತ್ತದೆ.

ಮುಗಿಯಿತೆಂದು ಅವನು ಭಾವಿಸುವುದರಲ್ಲಿಯೇ ಹೊಸ ಅಪಾಯವಿದೆ. ಕೊಕ್ಕೆಯು ಎರಡನೆಯ ಪಿನ್ನನ್ನು ಹಿಡಿಯದೆ ಅದರ ಪಕ್ಕದಿಂದಲೇ ಹಾದುಹೋಗಿ ಬರಿದೆ ಚಾಚಿಕೊಂಡಿರಬಹುದು. ಕ್ಯಾಬಿನಿನಿಂದ ನೋಡುವವನಿಗೆ ಎಲ್ಲವೂ ಕೂಡಿದಂತೆಯೇ ಕಾಣುತ್ತದೆ. ಅಂತಹ ಬಕೆಟು ಒಂದೇ ಪಿನ್ನಿನ ಮೇಲೆ ನೇತಾಡುತ್ತ ಎತ್ತರಕ್ಕೇರಿ, ದವಡೆಯ ಬಾಯಿ ಕೆಳಮುಖವಾದೊಡನೆ ಕಳಚಿಕೊಳ್ಳುತ್ತದೆ. ಸುಮಾರು 800 ಕಿಲೋ ತೂಕದ ಬರಿಯ ಬಕೆಟು ಮೂರು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಒಂದು ಸೆಕೆಂಡೂ ಹಿಡಿಯದು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಕಾಲುವೆಯೊಳಗೆ ಪೈಪು ಕೂಡಿಸುತ್ತ ಬಗ್ಗಿರುವವನು ತಲೆಯೆತ್ತಿ ನೋಡುವಷ್ಟು ಕಾಲವೂ ಅದಲ್ಲ. 1998ರಿಂದ 2004ರವರೆಗೆ ಹೀಗೆ ಬಕೆಟು ಕಳಚಿದ 15 ಘಟನೆಗಳನ್ನೂ, ಅವುಗಳಲ್ಲಿ ಸಂಭವಿಸಿದ ಎಂಟು ಮರಣಗಳನ್ನೂ ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆಯು 2005ರ ಎಚ್ಚರಿಕೆಯ ಪತ್ರದಲ್ಲಿ ದಾಖಲಿಸಿತು.

ಹಳೆಯ ಬಗೆಯ ಕಪ್ಲರುಗಳಲ್ಲಿ ಇದಕ್ಕೆ ಪ್ರತಿಬಂಧಕವಿಲ್ಲದಿರಲಿಲ್ಲ. ಕೊಕ್ಕೆ ಬಿಗಿದ ಮೇಲೆ ಅದರ ಹಿಂದೆ ಸುರಕ್ಷತಾ ಪಿನ್ನೊಂದನ್ನು ಕೈಯಾರೆ ತೂರಿಸಬೇಕಿತ್ತು. ಆದರೆ ದಿನಕ್ಕೆ ಹಲವು ಸಲ ಕೆಳಗಿಳಿದು ಕೆಸರಿನಲ್ಲಿ ನಡೆದು ಆ ಪಿನ್ನನ್ನು ಹಾಕಬೇಕಾದವನು, ಮೇಸ್ತ್ರಿ ಅವಸರಪಡಿಸುತ್ತಿರುವಾಗ, ಒಂದು ಸಲ ಬಿಟ್ಟನು, ಏನೂ ಆಗಲಿಲ್ಲ, ಮರುದಿನವೂ ಬಿಟ್ಟನು. ಇದನ್ನು ಅವನ ಅಲಕ್ಷ್ಯವೆಂದು ಹಳಿದು ಸುಮ್ಮನಾಗುವುದು ನನಗೆ ಒಪ್ಪಿಗೆಯಲ್ಲ. ದಣಿದ ಮನುಷ್ಯನ ನೆನಪಿನ ಮೇಲೆ ಇನ್ನೊಬ್ಬನ ಪ್ರಾಣವನ್ನು ತೂಗುಹಾಕಿದ ರಚನೆಯಲ್ಲಿಯೇ ದೋಷವಿದೆ.

ಇಂದಿನ ಸುಧಾರಿತ ಕಪ್ಲರುಗಳು ಈ ದೋಷವನ್ನು ಮೂಲದಲ್ಲಿಯೇ ತೊಡೆಯಲೆತ್ನಿಸುತ್ತವೆ. ಮುಂದಿನ ದವಡೆಗೂ ಪ್ರತ್ಯೇಕವಾದೊಂದು ಬೀಗವಿದ್ದು, ಪಿನ್ನು ಒಳಹೊಕ್ಕೊಡನೆ ಅದು ಸ್ಪ್ರಿಂಗಿನ ಬಲದಿಂದ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿಂದಿನ ಕೊಕ್ಕೆ ತಪ್ಪಿದರೂ ಬಕೆಟು ತೂಗಾಡುವುದೇ ಹೊರತು ಬೀಳದು. ಹೈಡ್ರಾಲಿಕ್ ಹೋಸು ಒಡೆದರೂ ಎಣ್ಣೆಯನ್ನು ಸಿಲಿಂಡರಿನಲ್ಲಿಯೇ ತಡೆಹಿಡಿಯುವ ಏಕಮುಖ ಕವಾಟವಿರುವುದರಿಂದ ಕೊಕ್ಕೆ ಸಡಿಲವಾಗದು. ಕ್ವಿಕ್ ಕಪ್ಲರುಗಳ ಸುರಕ್ಷತೆಗೆಂದೇ 2016ರಲ್ಲಿ ಐಎಸ್ಓ 13031 ಎಂಬ ಅಂತಾರಾಷ್ಟ್ರೀಯ ಮಾನದಂಡವೂ ಪ್ರಕಟವಾಗಿದೆ.

ಇಷ್ಟಾದರೂ, ಬಕೆಟು ಕೂಡಿದ ಮೇಲೆ ಅದನ್ನು ನೆಲಕ್ಕೆ ಹತ್ತಿರದಲ್ಲಿಯೇ ಒಳಕ್ಕೂ ಹೊರಕ್ಕೂ ಮಡಿಸಿ, ನೆಲಕ್ಕೆ ಒತ್ತಿ, ಕೊಕ್ಕೆಯನ್ನು ಕಣ್ಣಾರೆ ಕಂಡ ಬಳಿಕವೇ ಮೇಲೆತ್ತತಕ್ಕುದು. ಎತ್ತಿದ ಬಕೆಟಿನ ಅಡಿಯಲ್ಲಿ ಯಾರೂ ನಿಲ್ಲತಕ್ಕುದಲ್ಲ. ಬಾಡಿಗೆಯ ಹಿಟಾಚಿಯನ್ನು ಗಂಟೆಯ ಲೆಕ್ಕದಲ್ಲಿ ತರಿಸುವ ಕಂಟ್ರಾಕ್ಟರನು ಎಷ್ಟು ರೂಪಾಯಿ ಎಂದು ಕೇಳುವಾಗಲೇ, ಕಪ್ಲರ್ ಇದೆಯೇ, ಇದ್ದರೆ ಎರಡೂ ಪಿನ್ನುಗಳಿಗೆ ಬೀಗವಿದೆಯೇ ಎಂದೂ ಕೇಳಲಿ. ನಗರದ ಒಳಚರಂಡಿಗೂ ರಸ್ತೆಗೂ ಟೆಂಡರು ಕರೆಯುವವರು ಆ ಪ್ರಶ್ನೆಯನ್ನು ಕರಾರಿನಲ್ಲಿಯೇ ಬರೆಯಿಸಲಿ.