ಪ್ರೀತಿಗೆ ಬರೆದವರು, ಬೆಲೆ ಕೇಳಿದವರು

ಪುಣೆಯಿಂದ ಅಹಮದನಗರದ ಹೆದ್ದಾರಿ ಹಿಡಿದು ಸುಮಾರು ಐವತ್ತು ಕಿಲೋಮೀಟರು ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಗುಡಿ ಒಂದೆಡೆ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಇನ್ನೊಂದೆಡೆ. ಇಂಥ ಊರಿಗೆ ದುಡಿಮೆಗೆಂದು ಬರುವ ಕನ್ನಡಿಗನಿಗೆ ಪಾಳಿ ಮುಗಿದ ಮೇಲೆ ತನ್ನ ನುಡಿ ಸಿಗುವುದು ಹೆಚ್ಚಾಗಿ ಮೊಬೈಲಿನಲ್ಲೇ. ಹಾಡು, ಅಡುಗೆ, ಒಕ್ಕಲುತನ, ಇತಿಹಾಸ, ಕಥೆ, ಯಾವುದಕ್ಕೂ ಕಾಸು ಕೊಡಬೇಕಿಲ್ಲ. ಇಷ್ಟೊಂದು ಕನ್ನಡವನ್ನು ಅಲ್ಲಿ ತಂದಿಟ್ಟವರು ಯಾರು? ಅವರ ಹೊಟ್ಟೆಪಾಡು ಏನು?

ಈ ಪ್ರಶ್ನೆ ಇಂಟರ್‌ನೆಟ್ಟಿಗಿಂತ ಹಳೆಯದು. ಅದರ ಒಂದು ಎಳೆ ಪುಣೆಯಲ್ಲೇ ಇದೆ. ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ. ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಓದುಬರಹ ಬಲ್ಲವರು ಮರಾಠಿಯತ್ತ ವಾಲಿದ್ದ ಕಾಲ. ಕನ್ನಡಿಗರು ಕನ್ನಡದಲ್ಲಿ ಓದಬೇಕೆಂಬ ಹಂಬಲದಿಂದ ಶಾಲಾ ಮಾಸ್ತರರಾಗಿದ್ದ ಅವರು ಕಾದಂಬರಿಗಳನ್ನು ಬರೆದರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ಬೆಳೆಸಿದರು. ಬರೆದು ಸುಮ್ಮನಾಗಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ, ಮನೆಬಾಗಿಲಲ್ಲಿ ನಿಂತು ಮಾರಿದರು. ಬರೆಯುವಾಗ ಅವರಿಗೆ ಲಾಭದ ಆಸೆ ಇರಲಿಲ್ಲ. ಬರೆದದ್ದಕ್ಕೆ ಬೆಲೆ ಕೇಳಲು ಸಂಕೋಚವೂ ಇರಲಿಲ್ಲ.

ಕಂಪ್ಯೂಟರಿನ ಕನ್ನಡವೂ ಇಂಥದೇ ಹಂಬಲದಿಂದ ಹುಟ್ಟಿತು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಒಗ್ಗುವ ಕೀಲಿಮಣೆ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೂ ಅದೇ ತಳಹದಿ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ತೆರೆದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಬಹಳ ವರ್ಷ ಉಚಿತವಾಗಿದ್ದ ಅದರ ಮುಂದಿನ ಆವೃತ್ತಿಗಳಿಗೆ ಬೆಲೆ ಇಡಲಾಯಿತು. ಅದರಲ್ಲಿ ತಪ್ಪು ಹುಡುಕುವವರು, ದೇಶ ವಿದೇಶಗಳ ಕನ್ನಡಿಗರು ಅಷ್ಟು ವರ್ಷ ಬಿಡಿಗಾಸು ಕೊಡದೆ ‘ಬರಹ’ದಲ್ಲೇ ಕಾಗದ, ಕವಿತೆ, ಲೇಖನ ಬರೆದದ್ದನ್ನೂ ನೆನೆಯಬೇಕು.

2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇಂದು ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬರೆದವರಲ್ಲಿ ಹೆಚ್ಚಿನವರು ಸಂಭಾವನೆ ಬಯಸದ ಸಾಮಾನ್ಯರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ‘ಅಲರ್’ ನಿಘಂಟಾಗಿ ಎಲ್ಲರಿಗೂ ಮುಕ್ತವಾಯಿತು. ಇಷ್ಟು ಸಿಗುತ್ತದೆ ಎಂದು ಯಾರಾದರೂ ಮೊದಲೇ ಲೆಕ್ಕ ಹಾಕಿದ್ದರೆ ಈ ನಿಘಂಟಿನ ಮೊದಲ ಪುಟವೂ ಆಗುತ್ತಿರಲಿಲ್ಲ.

ಲೆಕ್ಕ ಬಂದದ್ದು ಜಾಹೀರಾತಿನ ಜೊತೆ. 2007ರಲ್ಲಿ ಯೂಟ್ಯೂಬ್ ತನ್ನ ಜಾಹೀರಾತಿನ ಆದಾಯದಲ್ಲಿ ವಿಡಿಯೊ ಮಾಡುವವರಿಗೂ ಪಾಲು ಕೊಡತೊಡಗಿತು. 2018ರಿಂದ ಆ ಪಾಲಿಗೆ ಒಂದು ಸಾವಿರ ಚಂದಾದಾರರು, ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕೆಂಬ ನಿಯಮ ಬಂತು. ಉದ್ದದ ವಿಡಿಯೊಗೆ ಬರುವ ಜಾಹೀರಾತಿನ ಹಣದಲ್ಲಿ ಶೇ 55 ಮಾಡಿದವರಿಗೆ, ಉಳಿದದ್ದು ಕಂಪನಿಗೆ. ಗೂಗಲ್‌ನ ಜಾಹೀರಾತು ಸೇವೆ ಹಿಂದಿ ಜಾಲತಾಣಗಳಿಗೆ 2014ರಲ್ಲೇ ಸಿಕ್ಕಿತ್ತು. ಕನ್ನಡದ ಸರದಿ ಬರಲು ಇನ್ನೂ ವರ್ಷಗಳು ಹಿಡಿದವು. ಅಷ್ಟು ದಿನ ಕನ್ನಡದಲ್ಲಿ ಬ್ಲಾಗ್ ಬರೆದವರಿಗೆ ಪ್ರೀತಿ ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ.

ಈ ಹಣ ಕೆಟ್ಟದ್ದಲ್ಲ. ಹಳ್ಳಿಯ ಅಡುಗೆಯವರು, ರೈತರು, ಜನಪದ ಕಲಾವಿದರು ಯಾರ ಶಿಫಾರಸೂ ಇಲ್ಲದೆ ನೋಡುಗರ ಮುಂದೆ ನಿಂತು ನಾಲ್ಕು ಕಾಸು ಕಂಡರು. ತೊಂದರೆ ಇರುವುದು ಹಣ ಬರುವ ದಾರಿಯಲ್ಲಿ. ಗಳಗನಾಥರ ಪುಸ್ತಕಕ್ಕೆ ಬೆಲೆ ಕೊಟ್ಟವನು ಓದುಗ. ಇಂದು ಬೆಲೆ ಕೊಡುವವನು ಜಾಹೀರಾತುದಾರ; ಅವನಿಗೆ ಬೇಕಾದದ್ದು ಕಣ್ಣುಗಳು, ಕನ್ನಡವಲ್ಲ. ಹಾಗಾಗಿ ಒಂದು ಪದದ ಅರ್ಥಕ್ಕೆ ವಾರಗಟ್ಟಲೆ ತಲೆಕೆಡಿಸಿಕೊಂಡವರಿಗಿಂತ ದಿನಕ್ಕೊಂದು ಗುಲ್ಲೆಬ್ಬಿಸುವವರಿಗೆ ಹೆಚ್ಚು ಸಿಗುತ್ತದೆ. ತಿಂಗಳ ಸಂಪಾದನೆಯ ಕನಸು ಕಂಡು ಚಾನೆಲ್ ತೆರೆದವರು ಸಾವಿರ ಚಂದಾದಾರರಾಗುವ ಮೊದಲೇ ಕೈಬಿಡುವುದು ಸಹಜ. ಆಸೆಯಿಂದ ಶುರುವಾದದ್ದು ಆಸೆ ಬತ್ತಿದಾಗ ನಿಲ್ಲುತ್ತದೆ.

ಹಾಗೆಂದು ಮಾಡುವವರ ಪ್ರೀತಿಯನ್ನೇ ನಂಬಿ ನಾವು ಕೈಕಟ್ಟಿ ಕೂರುವುದು ನ್ಯಾಯವಲ್ಲ. ಸರ್ವರ್‌ಗೆ ಬಾಡಿಗೆ ಕಟ್ಟಬೇಕು, ಮನೆಗೆ ದಿನಸಿ ತರಬೇಕು. ಪ್ರೀತಿ ಕೆಲಸವನ್ನು ಹುಟ್ಟಿಸುತ್ತದೆ. ಅದನ್ನು ಉಳಿಸುವುದು ಓದುಗರ ಹೊಣೆ. ಬರೆಯಲು ಹೊರಟವರು ಮೊದಲು ತಮಗೆ ಬಿಡಲಾಗದ ವಿಷಯ ಹಿಡಿಯಲಿ, ಸಂಪಾದನೆಯ ಲೆಕ್ಕ ಆಮೇಲಿರಲಿ. ಕೆಲಸ ಚೆನ್ನಾಗಿ ಆಯಿತೆನಿಸಿದಾಗ ತಲೆಯೆತ್ತಿ ಬೆಲೆ ಕೇಳಲಿ. ಓದುಗರು, ನೋಡುಗರು ತಮಗೆ ನಿಜವಾಗಿ ಉಪಯೋಗವಾದ ಒಂದು ಕನ್ನಡ ಪತ್ರಿಕೆಗೋ, ತಾಣಕ್ಕೋ, ಚಾನೆಲ್ಲಿಗೋ ಈ ತಿಂಗಳಿನಿಂದಲೇ ಚಂದಾ ಕಟ್ಟಲಿ. ಹಣ ಕೊಡಲಾಗದವರು ವಿಕಿಪೀಡಿಯಕ್ಕೆ ತಮ್ಮ ಊರಿನ ಬಗ್ಗೆ ಒಂದು ಲೇಖನ ಬರೆದುಕೊಡಲಿ.