ಅಜ್ಜ ಯುದ್ಧಕ್ಕೆ ಹೋಗಿದ್ದರಂತೆ, ನಿಜವೇ?

ಕನ್ನಡದ ಮನೆಮಾತಿನಲ್ಲಿ ‘ಅಂತೆ’ ಎಂಬುದೊಂದು ಪುಟ್ಟ ಪ್ರತ್ಯಯವಿದೆ. ಹೇಳುವವರು ಕಣ್ಣಾರೆ ಕಂಡದ್ದಲ್ಲ, ಕಿವಿಯಾರೆ ಕೇಳಿದ್ದು ಎಂಬುದನ್ನು ಎರಡೇ ಅಕ್ಷರಗಳಲ್ಲಿ ಅದು ಒಪ್ಪಿಕೊಂಡುಬಿಡುತ್ತದೆ. ‘ಮುತ್ತಜ್ಜ ಬಸ್ರಾಕ್ಕೆ ಹೋಗಿದ್ದರಂತೆ’, ‘ದೊಡ್ಡಜ್ಜ ಮಹಾರಾಜರ ಕುದುರೆ ಸೈನ್ಯದಲ್ಲಿದ್ದರಂತೆ’, ‘ಬರ್ಮಾದಿಂದ ನಡೆದೇ ಬಂದರಂತೆ’. ಇಂಥ ಮಾತು ಕೇಳಿಬರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮದುವೆ, ತಿಥಿಗಳಲ್ಲಿ ನೆಂಟರು ಸೇರಿದಾಗ ಕಥೆ ಒಮ್ಮೆ ಹೊರಬರುತ್ತದೆ. ಊಟದ ಎಲೆ ಎತ್ತುವ ಹೊತ್ತಿಗೆ ಮರೆತೂ ಹೋಗುತ್ತದೆ.

ಈ ‘ಅಂತೆ’ಯನ್ನು ಪರೀಕ್ಷಿಸಿ ನೋಡಬಹುದೇ? ನೋಡಬಹುದು. ಶಾಲಾ ಕಾಲೇಜು ವಿದ್ಯಾರ್ಥಿಗಳಿಗೆ ಇದಕ್ಕಿಂತ ಸೊಗಸಾದ ಇತಿಹಾಸದ ಪಾಠ ಸಿಗುವುದು ಕಷ್ಟ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಭಾರತದ 13 ಲಕ್ಷಕ್ಕೂ ಹೆಚ್ಚು ಮಂದಿ ದುಡಿದರು. ಅವರಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಬಂದೂಕು ಹಿಡಿದವರಲ್ಲ. ಹೇಸರಗತ್ತೆ ಹೊಡೆದವರು, ಅಡುಗೆ ಮಾಡಿದವರು, ಗಾಯಾಳುಗಳನ್ನು ಹೊತ್ತವರು, ರಸ್ತೆ ಕಡಿದವರು. ಎರಡನೆಯ ಮಹಾಯುದ್ಧದ ವೇಳೆಗೆ ಭಾರತೀಯ ಸೇನೆಯ ಬಲ 25 ಲಕ್ಷ ಮುಟ್ಟಿತು. ಇವರ ಪೈಕಿ ಪಠ್ಯಪುಸ್ತಕದಲ್ಲಿ ಹೆಸರು ಬಂದವರು ಬೆರಳೆಣಿಕೆಯಷ್ಟು. ಉಳಿದವರ ಹೆಸರು ಉಳಿದರೆ ಉಳಿಯಬೇಕಾದದ್ದು ಮನೆಗಳಲ್ಲಿಯೇ.

ಮೊದಲು ಮನೆ, ಆಮೇಲೆ ಕಚೇರಿ

ಹುಡುಕಾಟ ಆರಂಭವಾಗಬೇಕಾದದ್ದು ಅಟ್ಟದ ಮೇಲಿನ ಟ್ರಂಕಿನಿಂದ. ಹಳೆಯ ಪದಕ, ಸಮವಸ್ತ್ರದ ಫೋಟೊ, ಪಿಂಚಣಿ ಪುಸ್ತಕ, ಬಿಡುಗಡೆ ಪತ್ರ, ಮನಿಯಾರ್ಡರ್ ರಸೀದಿ ಹೀಗೆ ಏನು ಸಿಕ್ಕರೂ ಅದು ಸಾಕ್ಷಿ. ಮೊದಲ ಯುದ್ಧದ ಪದಕವಾದರೆ ಅದರ ಅಂಚನ್ನು ಭೂತಗನ್ನಡಿ ಹಿಡಿದು ನೋಡಬೇಕು. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಇವಿಷ್ಟನ್ನೂ ಅಂಚಿನ ಮೇಲೆ ಒತ್ತುವ ಪದ್ಧತಿ ಆಗ ಇತ್ತು. ಸೈನಿಕರಿಗೆ ಕೊಟ್ಟದ್ದು ಬೆಳ್ಳಿಯ ಪದಕ. ಕೂಲಿ ದಳದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಮಾಡಿ ಕೊಟ್ಟರು. ಎಷ್ಟೋ ಬೆಳ್ಳಿ ಪದಕಗಳು ಬರಗಾಲದಲ್ಲಿ ಅಕ್ಕಸಾಲಿಗರ ಮೂಸೆ ಸೇರಿದ್ದರೂ ಆಶ್ಚರ್ಯವಿಲ್ಲ. ಎರಡನೆಯ ಯುದ್ಧದ ‘ಇಂಡಿಯಾ ಸರ್ವಿಸ್ ಮೆಡಲ್’ ಸಿಕ್ಕರೆ ಇನ್ನೊಂದು ಎಚ್ಚರ ಬೇಕು. ಅದು ಕದನಭೂಮಿಯ ಹೊರಗೆ ಮೂರು ವರ್ಷ ದುಡಿದವರಿಗೆ ಕೊಟ್ಟದ್ದು. ಅದೊಂದರಿಂದಲೇ ಅಜ್ಜ ಕಡಲು ದಾಟಿದ್ದರೆಂದು ಹೇಳಲಾಗದು.

ಎರಡನೆಯ ಹೆಜ್ಜೆ, ಲೆಕ್ಕ. ‘ಮಹಾಯುದ್ಧ’ ಎಂದರೆ ಯಾವುದು? 1905ರಲ್ಲಿ ಹುಟ್ಟಿದವರು 1914ರ ಯುದ್ಧಕ್ಕೆ ಹೋಗಿರಲು ಸಾಧ್ಯವಿಲ್ಲ. ಹಿರಿಯರ ಟಿಪ್ಪಣಿಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿರುವುದೂ ಉಂಟು. 1914ರ ಯುಗಾದಿಗೆ ಆರಂಭವಾದದ್ದು ಆನಂದ ಸಂವತ್ಸರ, 1918ರದು ಕಾಳಯುಕ್ತಿ, 1939ರದು ಪ್ರಮಾಥಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಮಕ್ಕಳ ಹುಟ್ಟು, ಊರಿಗೆ ಪ್ಲೇಗು ಬಂದ ವರ್ಷ ಮುಂತಾದವುಗಳೊಡನೆ ತಾಳೆ ನೋಡಿಯೇ ಇಸವಿ ನಿರ್ಧರಿಸಬೇಕು.

ಯಾರ ಆಳ್ವಿಕೆಯ ಊರು?

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಆಗ ಕರ್ನಾಟಕವೆಂಬ ರಾಜ್ಯವಿರಲಿಲ್ಲ. ಹಳೆಯ ಮೈಸೂರಿನವರು ಮಹಾರಾಜರ ಪ್ರಜೆಗಳು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರು ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ, ಮಂಗಳೂರಿನವರು ಮದರಾಸು ಪ್ರಾಂತಕ್ಕೆ, ಬೀದರ್, ಗುಲ್ಬರ್ಗ, ರಾಯಚೂರಿನವರು ನಿಜಾಮರಿಗೆ ಸೇರಿದ್ದರು. ಕೊಡಗು ಬೇರೆಯೇ ಒಂದು ಪ್ರಾಂತ. ಕಾಗದಪತ್ರಗಳೂ ಹೀಗೆಯೇ ಹಂಚಿಹೋಗಿವೆ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಉಳಿದ ಭಾಗಗಳವರಿಗೆ ಊರಿಗೆ ತಕ್ಕಂತೆ ಮುಂಬಯಿ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳು. ಬ್ರಿಟಿಷ್ ಭಾರತ ಸೇನೆಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು.

ಒಂದು ಉದಾಹರಣೆ. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಅಶ್ವದಳ. 1914ರಲ್ಲಿ ಹೊರಟ ಈ ದಳ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ವಶಪಡಿಸಿಕೊಂಡಿತು. ದೆಹಲಿಯಲ್ಲಿ 1922ರಲ್ಲಿ ನಿಂತ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಯೋಧರು ಜೋಧಪುರ, ಮೈಸೂರು, ಹೈದರಾಬಾದ್ ದಳಗಳ ಪ್ರತಿನಿಧಿಗಳು. ಹಳೆಯ ಮೈಸೂರಿನ ಮನೆಯಲ್ಲಿ ‘ಕುದುರೆ ಸೈನ್ಯ’, ‘ಈಜಿಪ್ಟು’ ಎಂಬ ಎರಡು ಮಾತು ಒಟ್ಟಿಗೆ ಉಳಿದಿದ್ದರೆ ಈ ದಳದ ಜಾಡು ಹಿಡಿಯುವುದು ಜಾಣತನ.

ಬೆಳಗಾವಿ ಕಡೆಯ ಮನೆಯಲ್ಲಿ ‘ಬಸ್ರಾ’ ಎಂಬ ಮಾತಿದ್ದರೆ ಜಾಡು ಬೇರೆ. 103, 110 ಮತ್ತು 117ನೆಯ ಮರಾಠಾ ಪದಾತಿ ದಳಗಳು ಇಂದಿನ ಇರಾಕಿನ ಕುತ್ ಎಂಬಲ್ಲಿ ತುರ್ಕಿ ಸೇನೆಯ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾಗಬೇಕಾಯಿತು. ಇಲ್ಲೊಂದು ತೊಡಕೂ ಇದೆ. 1922ರಲ್ಲಿ ಸೇನೆಯ ದಳಗಳ ಹೆಸರನ್ನೇ ಬದಲಿಸಿದರು. 103ನೆಯ ದಳ ‘5ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೆಯ ಬೆಟಾಲಿಯನ್’ ಆಯಿತು. ಹಳೆಯ ಹೆಸರು ಗೊತ್ತಿಲ್ಲದೆ ಹುಡುಕಿದರೆ ಕಡತ ಕಣ್ಣೆದುರಿಗಿದ್ದರೂ ಕಾಣದು.

ಪಟ್ಟಿಯಲ್ಲಿ ಇರುವವರು, ಇಲ್ಲದವರು

ಯುದ್ಧದಲ್ಲಿ ಮಡಿದವರ ಲೆಕ್ಕ ಇಡುವ ಸಂಸ್ಥೆ 1917ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅದರ ಹೆಸರುಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಸಹ ಇರುತ್ತವೆ. ಆದರೆ ಅದು ಸತ್ತವರ ಪಟ್ಟಿ. ಬದುಕಿ ಮರಳಿದ ಅಜ್ಜನನ್ನು ಅಲ್ಲಿ ಹುಡುಕಿ, ಸಿಗಲಿಲ್ಲವೆಂದು ಕಥೆಯನ್ನೇ ಸುಳ್ಳೆನ್ನುವುದು ಅನ್ಯಾಯ.

ಸತ್ತವರೂ ಎಲ್ಲರೂ ಅಲ್ಲಿಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದ ಕಲ್ಲುಗಳ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೊರೆದರು; ಭಾರತೀಯರಲ್ಲಿ ಅಧಿಕಾರಿಗಳನ್ನು ಬಿಟ್ಟು ಉಳಿದವರನ್ನು ದಳವಾರು ಬರೀ ಸಂಖ್ಯೆಯಲ್ಲಿ ತೋರಿಸಿದರು. ಇಂಥ ಭೇದ ನಡೆದದ್ದನ್ನು ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲಿನ ವರದಿಯಲ್ಲಿ ಒಪ್ಪಿಕೊಂಡಿತು. ಆಫ್ರಿಕಾ, ಪಶ್ಚಿಮ ಏಷ್ಯಾ ಮೂಲದವರೇ ಹೆಚ್ಚಾಗಿದ್ದ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ ಇಲ್ಲ, ಅಥವಾ ಯಾವ ಸ್ಮರಣೆಯೂ ಇಲ್ಲ ಎಂದಿತು. ದಾಖಲೆ ಬರೆದವರ ಕಣ್ಣಿಗೆ ಯಾರು ಮನುಷ್ಯರಾಗಿ ಕಂಡರು, ಯಾರು ಬರೀ ಲೆಕ್ಕವಾಗಿ ಕಂಡರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠವೂ ಹೇಳದು.

ಹೆಸರಿನ ಬಲೆ

ಹುಡುಕುವವರು ಹೆಚ್ಚಾಗಿ ಎಡವುವುದು ಹೆಸರು ಸಿಕ್ಕಾಗ. ಮನೆಯವರು ‘ಬಸಪ್ಪ’ನನ್ನು ಹುಡುಕುತ್ತಿದ್ದಾರೆ ಎನ್ನೋಣ. ಇಂಗ್ಲಿಷ್ ಗುಮಾಸ್ತ ಅದನ್ನು ಬುಸ್ಸಾಪ ಎಂದೋ ಬಾಸಪಾ ಎಂದೋ ಬರೆದಿರಬಹುದು. ಆದ್ದರಿಂದ ಹತ್ತು ಬಗೆಯಲ್ಲಿ ಹುಡುಕಬೇಕು. ಕೊನೆಗೊಬ್ಬ ಬಸಪ್ಪ ಸಿಗುತ್ತಾನೆ. ಮನೆಮಂದಿಗೆಲ್ಲ ಸಂತೋಷ. ಆದರೆ ಕನ್ನಡ ನಾಡಿನಲ್ಲಿ ಬಸಪ್ಪಂದಿರಿಗೆ ಬರವೇ? ತಂದೆಯ ಹೆಸರು, ಊರು ಅಥವಾ ತಾಲ್ಲೂಕು, ವಯಸ್ಸು, ದಳ ಈ ನಾಲ್ಕರಲ್ಲಿ ಕನಿಷ್ಠ ಎರಡಾದರೂ ಹೊಂದದಿದ್ದರೆ ಆ ಬಸಪ್ಪನನ್ನು ಅವನ ಮನೆಯವರಿಗೇ ಬಿಡಬೇಕು. ಆಸೆಗೆ ಬಿದ್ದು ಇನ್ನೊಬ್ಬರ ಅಜ್ಜನಿಗೆ ನಮ್ಮ ಮನೆಯಲ್ಲಿ ಫೋಟೊ ಹಾಕಿದರೆ ಇಬ್ಬರಿಗೂ ಅನ್ಯಾಯ.

ಈ ತಾಳೆ ನೋಡುವ ಕೆಲಸಕ್ಕೆ ನೆರವಾಗುವ ಸಾಮಗ್ರಿ ಹತ್ತಿರದಲ್ಲೇ ಇದೆ. ಜಮೀನು ಪಾಲಾಗುವಾಗ ಮಾಡಿಸಿದ ವಂಶವೃಕ್ಷ, ಹಳೆಯ ಪಹಣಿ, ಶಾಲೆಯ ದಾಖಲಾತಿ ಪುಸ್ತಕ ಇವುಗಳಲ್ಲಿ ತಂದೆ ಮಕ್ಕಳ ಹೆಸರುಗಳ ಸರಣಿ ಸಿಗುತ್ತದೆ. ಸೈನಿಕರೆಂದು ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ಕಡತದಲ್ಲಿ ಅದರ ಗುರುತು ಉಳಿದಿರಬಹುದು. ಮನೆತನದ ಹೆಸರುಗಳನ್ನು ತಲೆಮಾರುಗಳಿಂದ ಹಾಡುತ್ತ, ಬರೆದಿಡುತ್ತ ಬಂದ ಹೆಳವರು ಊರಿಗೆ ಬಂದರೆ, ಕಾಳು ಕೊಟ್ಟು ಕಳಿಸುವ ಮುನ್ನ ಅವರ ಹೊತ್ತಿಗೆಯಲ್ಲಿ ಏನಿದೆಯೆಂದು ಒಮ್ಮೆ ಕೇಳಬೇಕು.

‘ಇಲ್ಲ’ ಎಂಬುದೂ ಉತ್ತರವೇ

ಇಷ್ಟೆಲ್ಲ ಹುಡುಕಿದ ಮೇಲೆ ಕಥೆ ಬೇರೆಯೇ ಆಗಿ ಹೊರಬರಬಹುದು. ಬರ್ಮಾದಿಂದ ನಡೆದುಬಂದವರು ಸೈನಿಕರೇ ಆಗಿರಬೇಕಿಲ್ಲ. 1942ರಲ್ಲಿ ಜಪಾನೀಯರು ನುಗ್ಗಿದಾಗ ಲಕ್ಷಗಟ್ಟಲೆ ಭಾರತೀಯ ಕೂಲಿಗಳು, ಗುಮಾಸ್ತರು, ವ್ಯಾಪಾರಿಗಳು ಕಾಡು ಬೆಟ್ಟ ದಾಟಿ ಬಂದರು. 1918ರಲ್ಲಿ ‘ಯುದ್ಧಕ್ಕೆ ಹೋಗಿ ಬರಲಿಲ್ಲ’ ಎನ್ನಿಸಿಕೊಂಡವರು ಹಡಗು ಹತ್ತುವ ಮೊದಲೇ ಇನ್‌ಫ್ಲುಯೆಂಜಾಕ್ಕೆ ಬಲಿಯಾಗಿರಬಹುದು. ಸುಬೇದಾರರೆಂದು ಮನೆಯಲ್ಲಿ ಹೆಸರಾದವರು ಹೇಸರಗತ್ತೆ ಹೊಡೆಯುತ್ತಿದ್ದವರೆಂದು ತಿಳಿಯಬಹುದು. ಇದರಿಂದ ಯಾರ ಮಾನವೂ ಹೋಗುವುದಿಲ್ಲ. ನೀರು, ಮದ್ದುಗುಂಡು ಹೊತ್ತ ಆ ಪ್ರಾಣಿಗಳನ್ನು ನಡೆಸುವವರಿಲ್ಲದೆ ಮೆಸೊಪೊಟೇಮಿಯಾದಲ್ಲಿ ಯಾವ ದಳವೂ ಮುಂದೆ ಸಾಗುತ್ತಿರಲಿಲ್ಲ.

ತಂದೆ ತಾಯಂದಿರು ಇಲ್ಲಿ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮಕ್ಕಳಿಗೆ ಒಂದು ನೋಟ್‌ಬುಕ್ ತೆಗೆದುಕೊಟ್ಟು, ಪ್ರತಿ ಪುಟದಲ್ಲೂ ಮೂರು ಅಂಕಣ ಎಳೆಯುವಂತೆ ಹೇಳುವುದು. ಮೊದಲನೆಯದರಲ್ಲಿ ಕೇಳಿದ್ದು: ಯಾರು ಹೇಳಿದರು, ಯಾವ ದಿನ. ಎರಡನೆಯದರಲ್ಲಿ ಕಂಡದ್ದು: ಯಾವ ಕಾಗದ, ಎಲ್ಲಿತ್ತು. ಮೂರನೆಯದರಲ್ಲಿ ಊಹಿಸಿದ್ದು. ಮೂರನೆಯ ಅಂಕಣದ್ದನ್ನು ಎರಡನೆಯದಕ್ಕೆ ಜಾರಿಸದಿದ್ದರೆ ಆ ಹುಡುಗ, ಆ ಹುಡುಗಿ ಇತಿಹಾಸಕಾರರ ಮೊದಲ ಪಾಠ ಕಲಿತಂತೆಯೇ. ಪತ್ರಾಗಾರದ ಕಡತಗಳು ಇನ್ನೂ ಹತ್ತು ವರ್ಷ ಕಾಯುತ್ತವೆ. ಮೊದಲ ಅಂಕಣವನ್ನು ತುಂಬಿಸಬಲ್ಲ, ತೊಂಬತ್ತು ದಾಟಿದ ಅಜ್ಜಿ ಅಷ್ಟು ಕಾಲ ಕಾಯಲಾರರು. ಬರುವ ಭಾನುವಾರ ಅವರ ಬಳಿ ಹೋಗಿ ಕುಳಿತುಕೊಳ್ಳುವುದು ಒಳ್ಳೆಯದು.